ಜ್ಞಾ: ಐಫೋನನ್ನು ಕೆಡವಿದ ಅಕ್ಷರ

2018ರ ಫೆಬ್ರವರಿ ನಡುಭಾಗದಲ್ಲಿ ತೆಲುಗಿನ ಒಂದು ಅಕ್ಷರ ಜಗತ್ತಿನ ತಂತ್ರಜ್ಞಾನ ಸುದ್ದಿಗಳಲ್ಲಿ ತಲೆಬರಹವಾಯಿತು. ಅದನ್ನು ಯಾರಾದರೂ ಐಫೋನಿಗೆ ಕಳಿಸಿದರೆ ಸಾಕು, ಮೆಸೇಜು ತೆರೆದ ಆ್ಯಪ್ ಪಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ತೆರೆದರೆ ಅದು ಮೊದಲು ತೋರಿಸಲು ಹೊರಡುವುದೂ ಅದೇ ಮೆಸೇಜನ್ನೇ, ಹಾಗಾಗಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮೆಸೇಜಸ್, ವಾಟ್ಸ್ಆ್ಯಪ್, ಫೇಸ್‌ಬುಕ್ ಮೆಸೆಂಜರ್, ಜಿಮೇಲ್ ಎಲ್ಲಕ್ಕೂ ಇದೇ ಗತಿ. ಅಕ್ಷರ ನೋಟಿಫಿಕೇಶನ್ ಆಗಿ ಪರದೆಯ ಮೇಲೆ ಬಂದರಂತೂ ಇನ್ನೂ ಪಜೀತಿ. ಆಗ ಕುಸಿಯುತ್ತಿದ್ದುದು ಫೋನಿನ ಮುಖಪರದೆಯನ್ನು ನಡೆಸುವ ಸ್ಪ್ರಿಂಗ್‌ಬೋರ್ಡ್ ಎಂಬ ತಂತ್ರಾಂಶವೇ. ಕೆಲವರ ಫೋನು ಆರಿ ಹೊತ್ತಿ ಆರಿ ಹೊತ್ತಿ ಅದೇ ಸುತ್ತಿನಲ್ಲಿ ಸಿಕ್ಕಿಕೊಂಡಿತು. ಮೊದಲು ವರದಿ ಮಾಡಿದ್ದು ಮೊಬೈಲ್ ವರ್ಲ್ಡ್ ಎಂಬ ಇಟಲಿಯ ಜಾಲತಾಣ. ಎರಡು ಮೂರು ದಿನಗಳಲ್ಲಿ ಅದು ಎಲ್ಲೆಡೆ ಹರಡಿತು. ಗೆಳೆಯರ ಫೋನು ಕೆಡಿಸುವ ತಮಾಷೆಗೆ ಜನ ಅದನ್ನು ಬಳಸಿದರು, ಟ್ವಿಟರ್‌ನಲ್ಲಿ ತಮ್ಮ ಹೆಸರಿಗೇ ಅಂಟಿಸಿಕೊಂಡರು. ಪತ್ರಿಕೆಗಳು ಅದಕ್ಕೆ 'ತೆಲುಗು ಬಗ್' ಎಂದು ಹೆಸರಿಟ್ಟವು.

ಆ ಅಕ್ಷರ 'ಜ್ಞಾ'. ಜ್ಞಾನದ ಜ್ಞಾ, ವಿಜ್ಞಾನದ ಜ್ಞಾ.

ಹೈದರಾಬಾದಿನಲ್ಲಿ ಕೂತು ಈ ಸುದ್ದಿ ಓದಿದವರಿಗೆ ಇನ್ನೂ ಎರಡು ಸಂಗತಿ ನೆನಪಾಗಿರಬೇಕು. ಮೊದಲನೆಯದು, 2016ರ ಮೇ 19ರಂದು ಆಪಲ್ ಮುಖ್ಯಸ್ಥ ಟಿಮ್ ಕುಕ್ ಇದೇ ಊರಿಗೆ ಬಂದು, ನಾನಕ್‌ರಾಮ್‌ಗುಡದ ವೇವ್‌ರಾಕ್ ಆವರಣದಲ್ಲಿ ಆಪಲ್ ಮ್ಯಾಪ್ಸ್‌ಗಾಗಿ ಒಂದು ಅಭಿವೃದ್ಧಿ ಕಚೇರಿ ತೆರೆದಿದ್ದರು. 4,000 ಕೆಲಸಗಳವರೆಗೆ ಬರಬಹುದು ಎಂದು ಆಗ ಹೇಳಲಾಗಿತ್ತು. ಎರಡನೆಯದು, ಈ ಗದ್ದಲಕ್ಕೆ ಬರೀ ಎರಡು ತಿಂಗಳು ಮೊದಲು, 2017ರ ಡಿಸೆಂಬರಿನಲ್ಲಿ, ಪ್ರಪಂಚ ತೆಲುಗು ಮಹಾಸಭೆಗಳು ಇಲ್ಲಿಯೇ ನಡೆದಿದ್ದವು. ಆಪಲ್ ತನ್ನ ದೊಡ್ಡ ಕಚೇರಿ ಇಟ್ಟುಕೊಂಡ ಊರಿನ ಮನೆಮಾತು ಆಪಲ್‌ನ ಫೋನಿಗೇ ವಿಷವಾಗಿ ಕಂಡಿತು. ಆದರೆ ವಿಷ ಅಕ್ಷರದಲ್ಲಿ ಇತ್ತೇ?

ಬಹಳ ವರದಿಗಳು ತಪ್ಪಿದ್ದು ಇಲ್ಲಿ. ತೆಲುಗಿನವರು ದಿನವೂ ಬರೆಯುವ 'ಜ್ಞಾನಂ' ಎಂಬ ಮಾತಿನಿಂದ ಯಾವ ಫೋನೂ ಬೀಳುತ್ತಿರಲಿಲ್ಲ. ಫೋನು ಬೀಳಿಸುತ್ತಿದ್ದ ಸಾಲಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಗುರುತು ಸೇರಿಕೊಂಡಿತ್ತು. ಕಂಪ್ಯೂಟರು ಅಕ್ಷರಗಳನ್ನು ಇಟ್ಟುಕೊಳ್ಳುವುದು ಸಂಖ್ಯೆಗಳಾಗಿ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ತೆಲುಗು 'ಜ'ಕಾರಕ್ಕೆ 3100, ಅರ್ಧಾಕ್ಷರದ ಗುರುತಿಗೆ 3149, 'ಞ'ಕಾರಕ್ಕೆ 3102, ದೀರ್ಘಕ್ಕೆ 3134. ಇವು ನಾಲ್ಕೇ ಇದ್ದರೆ ಶುದ್ಧವಾದ ಜ್ಞಾ. ಆ ಕುಖ್ಯಾತ ಸಾಲಿನಲ್ಲಿ ಐದು ಇದ್ದವು. 'ಞ'ಕಾರಕ್ಕೂ ದೀರ್ಘಕ್ಕೂ ನಡುವೆ 8204 ಎಂಬ ಸಂಖ್ಯೆ ಕೂತಿತ್ತು. ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಅಗಲವಿಲ್ಲದ, ಕೂಡಿಸದಿರು ಎಂದು ಹೇಳುವ ಗುರುತು. ತೆಲುಗು ಬರೆಯಬಲ್ಲ ಯಾರೂ ಅದನ್ನು ಆ ಜಾಗದಲ್ಲಿ ಇಡಲು ಕಾರಣವೇ ಇಲ್ಲ.

ಈ ಗುರುತಿನ ಪರಿಚಯ ತೆಲುಗರಿಗಿಂತ ನಮಗೇ ಹತ್ತಿರದ್ದು ಎನ್ನಬಹುದು, ನಾವು ಅದನ್ನು ದಿನವೂ ಬಳಸುತ್ತೇವೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ ಟ್ ಮತ್ತು ವೇ ನಡುವೆ ಅದು ಇರಬೇಕು. ಇಲ್ಲದಿದ್ದರೆ ವಕಾರ ಟಕಾರದ ಕಾಲಡಿಗೆ ಒತ್ತಾಗಿ ಹೋಗಿ 'ಸಾಫ್ಟ್ವೇರ್' ಆಗುತ್ತದೆ. ಫೇಸ್‌ಬುಕ್, ಜಾನ್‌ಪುರ, ಹೈದರಾಬಾದ್‌ನಿಂದ ಎಲ್ಲಕ್ಕೂ ಇದೇ ಉಪಾಯ. ವ್ಯಂಜನದಲ್ಲಿ ಕೊನೆಗೊಳ್ಳುವ ಪರಭಾಷೆಯ ಪದಗಳಿಗೆ ನಮ್ಮ ವಿಭಕ್ತಿ ಪ್ರತ್ಯಯ ಅಂಟಿಸುವಾಗಲೆಲ್ಲ ಈ ಕಾಣದ ಗುರುತು ಕೆಲಸಕ್ಕೆ ಬರುತ್ತದೆ. ಬರಹದಲ್ಲಿ ಟೈಪಿಸುತ್ತಿದ್ದವರಿಗೆ ಅದು ಟೊಪ್ಪಿಗೆಯಂಥ ಕೀಲಿಯಾಗಿ ಗೊತ್ತು. ಮುದ್ರಣದ ಮೊಳೆಗಳ ಕಾಲದಲ್ಲಿ ಈ ತಲೆನೋವು ಇರಲಿಲ್ಲ. ಮೊಳೆ ಜೋಡಿಸುವವರು ಟ್ ಇಟ್ಟು ಪಕ್ಕದಲ್ಲಿ ವೇ ಇಡುತ್ತಿದ್ದರು, ಅಷ್ಟೇ.

ಈಗ ಆ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಕನ್ನಡ 'ಜ'ಕಾರದ ಸಂಖ್ಯೆ 3228. ತೆಲುಗಿನದು 3100. ವ್ಯತ್ಯಾಸ 128. ಕನ್ನಡ 'ಞ'ಕಾರ 3230, ತೆಲುಗಿನದು 3102. ಮತ್ತೆ 128. ಅರ್ಧಾಕ್ಷರದ ಗುರುತು, ದೀರ್ಘ, ಯಾವುದನ್ನು ಕಳೆದರೂ ಅದೇ 128. ಇದು ಕಾಕತಾಳೀಯವಲ್ಲ. 1980ರ ದಶಕದಲ್ಲಿ ಭಾರತದಲ್ಲಿ ಇಸ್ಕಿ ಎಂಬ ಸಂಕೇತ ಪದ್ಧತಿ ರೂಪುಗೊಂಡಾಗ, ಬ್ರಾಹ್ಮಿಯಿಂದ ಬಂದ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಬೇರೆ ಬೇರೆ ಉಡುಪುಗಳು ಎಂಬ ತಿಳಿವಳಿಕೆ ಅದರ ತಳಹದಿಯಾಗಿತ್ತು. ಕಕಾರಕ್ಕೆ ಎಲ್ಲ ಲಿಪಿಗಳಲ್ಲೂ ಒಂದೇ ಸಂಖ್ಯೆ, ಲಿಪಿ ಯಾವುದು ಎಂಬುದನ್ನು ಪ್ರತ್ಯೇಕವಾಗಿ ಹೇಳಿದರೆ ಆಯಿತು. 1988ರ ಇಸ್ಕಿಯನ್ನು ಆಧಾರವಾಗಿಟ್ಟುಕೊಂಡ ಯೂನಿಕೋಡ್ ಪ್ರತಿ ಲಿಪಿಗೂ 128 ಮನೆಗಳ ಬೇರೆ ಬೇರೆ ಬೀದಿ ಕೊಟ್ಟಿತು. ಆದರೆ ಬೀದಿಯೊಳಗೆ ಮನೆಗಳ ಕ್ರಮವನ್ನು ಹಾಗೆಯೇ ಉಳಿಸಿತು. ತೆಲುಗಿನ ಬೀದಿ ಮುಗಿದ ಕೂಡಲೇ ಶುರುವಾಗುವುದು ಕನ್ನಡದ ಬೀದಿ. 'ಹೈದರಾಬಾದ್' ಎಂದು ಕನ್ನಡದಲ್ಲಿ ಬರೆದು ಪ್ರತಿ ಸಂಖ್ಯೆಯಿಂದಲೂ 128 ಕಳೆಯಿರಿ, ಅದು ತೆಲುಗಿನಲ್ಲಿ ಬರೆದ ಹೈದರಾಬಾದ್ ಆಗುತ್ತದೆ.

ನೂರು ವರ್ಷ ಹಿಂದೆ ಈ ನೆರೆಹೊರೆ ಈ ಊರಿನ ಹಣದಲ್ಲೇ ಕಾಣುತ್ತಿತ್ತು. 1918ರಿಂದ ನಿಜಾಮ ಸರ್ಕಾರ ಹೊರಡಿಸಿದ ಕಾಗದದ ನೋಟುಗಳಲ್ಲಿ ಮುಖ್ಯ ಬರಹ ಉರ್ದು. ಜೊತೆಗೆ ನೋಟಿನ ಬೆಲೆಯನ್ನು ಮರಾಠಿ, ತೆಲುಗು, ಕನ್ನಡ, ಇಂಗ್ಲಿಷ್‌ಗಳಲ್ಲೂ ಮುದ್ರಿಸುತ್ತಿದ್ದರು. ಕಲಬುರಗಿ, ರಾಯಚೂರು, ಬೀದರ್ ಆಗ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು, 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾಗುವ ತನಕವೂ ಈ ನಗರವೇ ಅವಕ್ಕೆ ರಾಜಧಾನಿ. ಕನ್ನಡ ತೆಲುಗು ಲಿಪಿಗಳು ಒಂದೇ ಬೇರಿನಿಂದ ಬಂದವು, ಬಹುಕಾಲ ಒಂದೇ ಆಗಿ ಇದ್ದು ಹೆಚ್ಚುಕಡಿಮೆ ಹದಿಮೂರನೇ ಶತಮಾನದಿಂದ ಈಚೆಗೆ ಬೇರೆಬೇರೆ ಮುಖ ಪಡೆದವು. ಹತ್ತೊಂಬತ್ತನೇ ಶತಮಾನದ ಅಚ್ಚು ಆ ವ್ಯತ್ಯಾಸವನ್ನು ಗಟ್ಟಿ ಮಾಡಿತು. ತಲೆಕಟ್ಟಿನ ಆಕಾರವೇ ಅವೆರಡರ ನಡುವೆ ಕಣ್ಣಿಗೆ ಮೊದಲು ಬೀಳುವ ಭೇದ. ಇಂದಿಗೂ ಈ ಊರಿನಲ್ಲಿ ಬೆಳೆದ ಕನ್ನಡಿಗರು ಬಸ್ಸಿನ ಬೋರ್ಡು ಓದುವಾಗ ಅದು ಯಾವ ಲಿಪಿ ಎಂದು ಯೋಚಿಸುವುದಿಲ್ಲ.

ಹಾಗಾದರೆ ಯಂತ್ರಕ್ಕೆ ಯಾಕೆ ತೊಡಕಾಯಿತು? ಇಂಗ್ಲಿಷ್ ಬರಹದಲ್ಲಿ ಅಕ್ಷರಗಳು ಸಂಖ್ಯೆಗಳ ಕ್ರಮದಲ್ಲೇ ಒಂದರ ಪಕ್ಕ ಒಂದು ಕೂರುತ್ತವೆ. ನಮ್ಮಲ್ಲಿ ಹಾಗಲ್ಲ. 'ಜ್ಞಾ' ಬರೆದು ನೋಡಿ. ನೆನಪಿನ ಕ್ರಮದಲ್ಲಿ ದೀರ್ಘ ಬರುವುದು 'ಞ'ಕಾರದ ನಂತರ, ಕಟ್ಟಕಡೆಗೆ. ಚಿತ್ರದಲ್ಲಿ ದೀರ್ಘ ಅಂಟಿಕೊಳ್ಳುವುದು ಮೇಲಿನ 'ಜ'ಕಾರಕ್ಕೆ. 'ಞ'ಕಾರ ತನ್ನ ರೂಪವನ್ನೇ ಬಿಟ್ಟು ಕೆಳಗೆ ಒತ್ತಾಗಿ ಇಳಿದಿರುತ್ತದೆ. ಅಂದರೆ ಅಕ್ಷರ ಬಿಡಿಸುವ ತಂತ್ರಾಂಶ ಸಾಲಾಗಿ ಬಂದ ನಾಲ್ಕು ಸಂಖ್ಯೆಗಳನ್ನು ಒಟ್ಟಿಗೆ ಹಿಡಿದು, ಯಾವುದು ತಳ, ಯಾವುದು ಒತ್ತು, ಯಾವುದು ಯಾರ ಹೆಗಲಿಗೆ ಎಂದು ತೀರ್ಮಾನಿಸಿ, ಆಮೇಲೆ ಬರೆಯಬೇಕು. ಕನ್ನಡ ತೆಲುಗುಗಳಲ್ಲಿ ಬಹುಮಟ್ಟಿಗೆ ಪ್ರತಿ ವ್ಯಂಜನಕ್ಕೂ ಒತ್ತಿನ ರೂಪ ಉಂಟು, ಹಾಗಾಗಿ ಇದು ಅಪರೂಪಕ್ಕೆ ಬರುವ ಸಂದರ್ಭ ಅಲ್ಲ, ಪ್ರತಿ ಸಾಲಿನಲ್ಲೂ ಬರುವುದು. ಒಂದನೇ ತರಗತಿಯ ಮಗು ಒತ್ತಕ್ಷರದ ಪಾಠದಲ್ಲಿ ಕಲಿಯುವುದನ್ನೇ ಯಂತ್ರಕ್ಕೂ ಯಾರೋ ಕೂತು ಕಲಿಸಬೇಕು. 2018ರ ಸಾಲಿನಲ್ಲಿ ಆ ಕಾಣದ ಗುರುತು ಒತ್ತಿಗೂ ದೀರ್ಘಕ್ಕೂ ನಡುವೆ ಅಡ್ಡ ಬಂದು ಕೂತಿತು. ಆಗ ಮೊಜಿಲ್ಲಾದಲ್ಲಿ ಕೆಲಸ ಮಾಡುತ್ತಿದ್ದ ಮನೀಶ್ ಗೋರೆಗಾಂವ್ಕರ್ ಎಂಬ ಪ್ರೋಗ್ರಾಮರ್ ತಾಳ್ಮೆಯಿಂದ ಒಂದೊಂದೇ ಜೋಡಣೆ ಪ್ರಯೋಗಿಸಿ ನೋಡಿದರು. ಇದೇ ಬಗೆಯ ಸಾಲುಗಳು ಬಂಗಾಳಿಯಲ್ಲೂ ದೇವನಾಗರಿಯಲ್ಲೂ ಫೋನನ್ನು ಕೆಡವುತ್ತವೆ ಎಂದು ತೋರಿಸಿದರು. ವ್ಯಂಜನ, ಅರ್ಧಾಕ್ಷರದ ಗುರುತು, ಒತ್ತಾಗಬಲ್ಲ ವ್ಯಂಜನ, ಕೂಡಿಸದಿರು ಎಂಬ ಗುರುತು, ಆಮೇಲೊಂದು ಸ್ವರ. ಇದು ಸೂತ್ರ. ಆ ದಿನಗಳಲ್ಲಿ ಬಂದ ಬರಹಗಳಲ್ಲಿ ಅವರ ಟಿಪ್ಪಣಿಯೊಂದೇ ನಮ್ಮ ಲಿಪಿಗಳನ್ನು ವಿಚಿತ್ರ ವಸ್ತುವಿನಂತೆ ನೋಡದೆ ವ್ಯಾಕರಣದಿಂದ ಶುರು ಮಾಡಿತು ಎಂದು ನನಗೆ ಅನಿಸುತ್ತದೆ.

ಆಪಲ್‌ಗೆ ಈ ವ್ಯಾಕರಣ ಹೊಸದೇನಲ್ಲ. 1990ರ ದಶಕದ ನಡುವಿನಲ್ಲೇ ಅದು ಕ್ವಿಕ್‌ಡ್ರಾ ಜಿಎಕ್ಸ್ ಎಂಬ ವ್ಯವಸ್ಥೆ ತಂದಿತ್ತು. ಅಕ್ಷರಗಳು ಹೇಗೆ ಕೂಡಬೇಕು, ಎಲ್ಲಿ ಜಾಗ ಬದಲಿಸಬೇಕು ಎಂಬ ನಿಯಮಗಳನ್ನೆಲ್ಲ ಫಾಂಟಿನ ಒಳಗೇ ಬರೆದಿಡುವ ಉಪಾಯ ಅದು. ಮುಂದೆ ಆಪಲ್ ಅಡ್ವಾನ್ಸ್ಡ್ ಟೈಪೋಗ್ರಫಿ ಎಂದು ಮುಂದುವರಿಯಿತು. ಅದು ಒಳ್ಳೆಯ ಯೋಚನೆ, ಆದರೆ ಒಂಟಿ ದಾರಿ. ಮೈಕ್ರೋಸಾಫ್ಟ್ ಮತ್ತು ಅಡೋಬಿ ಸೇರಿ ಓಪನ್‌ಟೈಪ್ ಎಂಬ ಇನ್ನೊಂದು ದಾರಿ ಹಿಡಿದವು. ಅಲ್ಲಿ ಲಿಪಿಯ ಸಾಮಾನ್ಯ ನಿಯಮ ಕಂಪ್ಯೂಟರಿಗೆ ಗೊತ್ತಿರುತ್ತದೆ, ಫಾಂಟು ಉಳಿದದ್ದನ್ನು ಹೇಳುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ಕನ್ನಡಕ್ಕೆ ತುಂಗಾ, ತೆಲುಗಿಗೆ ಗೌತಮಿ ಎಂಬ ಓಪನ್‌ಟೈಪ್ ಫಾಂಟುಗಳು ಬಂದವು. ಎರಡೂ ನದಿಗಳ ಹೆಸರು, ಗೌತಮಿ ಅಂದರೆ ಗೋದಾವರಿಯೇ. ಅವನ್ನು ಆ ಕಾಲದ ಮ್ಯಾಕ್‌ಗೆ ಹಾಕಿದರೆ ಒತ್ತುಗಳು ಒತ್ತಾಗುತ್ತಿರಲಿಲ್ಲ, ಅಕ್ಷರಗಳು ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತಿದ್ದವು. ಬರಹ ಮತ್ತು ನುಡಿ ಎರಡೂ ಆಗ ವಿಂಡೋಸ್‌ಗೆಂದೇ ಮಾಡಿದವು. ಹಾಗಾಗಿ ಕನ್ನಡದಲ್ಲಿ ಬರೆಯುವವರು ಮ್ಯಾಕ್ ಕೊಳ್ಳುವುದೆಂದರೆ ಕನ್ನಡ ಬಿಡುವುದು ಎಂಬ ಲೆಕ್ಕವಿತ್ತು.

ಆಪಲ್ ಭಾರತೀಯ ಲಿಪಿಗಳನ್ನು ತೆಗೆದುಕೊಂಡದ್ದು ಉತ್ತರದಿಂದ ದಕ್ಷಿಣಕ್ಕೆ. ದೇವನಾಗರಿ, ಗುಜರಾತಿ, ಗುರುಮುಖಿ ಮೊದಲು ಬಂದವು. 2005ರ ಟೈಗರ್ ಆವೃತ್ತಿಯಲ್ಲಿ ತಮಿಳು ಸೇರಿತು. ಅದರ ಇಣೈಮದಿ ಫಾಂಟು ಮಾಡಿದವರು ಮಲೇಷ್ಯಾದ ಮುತ್ತು ನೆಡುಮಾರನ್. ಕನ್ನಡ, ತೆಲುಗು, ಮಲಯಾಳಂ, ಬಂಗಾಳಿ, ಒಡಿಯಾ ಬಂದದ್ದು 2011ರ ಜುಲೈನ ಲಯನ್‌ನಲ್ಲಿ. ಅವುಗಳ ಹಿಂದೆಯೂ ಅದೇ ಕೈ. ನಿಮ್ಮ ಮ್ಯಾಕ್‌ನಲ್ಲಿ 'ಕನ್ನಡ ಎಂಎನ್', 'ಕನ್ನಡ ಸಂಗಮ್ ಎಂಎನ್' ಎಂಬ ಫಾಂಟುಗಳು ಇದ್ದರೆ, ಆ ಎರಡು ಅಕ್ಷರ ಅವರ ಹೆಸರಿನದು. ವಿಂಡೋಸ್‌ಗೆ ತುಂಗಾ ಬಂದು ಹತ್ತು ವರ್ಷ ಆದ ಮೇಲೆ, ಕರ್ನಾಟಕದಲ್ಲೂ ಅಲ್ಲ, ಕುಪರ್ಟಿನೋದಲ್ಲೂ ಅಲ್ಲ, ತಮಿಳು ಕಂಪ್ಯೂಟಿಂಗ್‌ನಲ್ಲಿ ಪಳಗಿದ ಮಲೇಷ್ಯಾದವರೊಬ್ಬರ ಕೆಲಸದಿಂದ ಮ್ಯಾಕ್‌ನಲ್ಲಿ ಕನ್ನಡ ನೆಟ್ಟಗೆ ಕಾಣತೊಡಗಿತು. ನಮ್ಮ ಗಣಕ ಕನ್ನಡದ ಚರಿತ್ರೆಗಳಲ್ಲಿ ಅವರ ಹೆಸರು ಇನ್ನಷ್ಟು ಕಾಣಬೇಕಿತ್ತು.

ಫೋನಿನಲ್ಲಿ ಕಾಯುವಿಕೆ ಇನ್ನೂ ಉದ್ದ. ಐಫೋನ್ ಭಾರತಕ್ಕೆ ಬಂದದ್ದು 2008ರ ಆಗಸ್ಟ್‌ನಲ್ಲಿ. ಓದುವ ಅನುಕೂಲ ಮೊದಲು ಬಂತು, ಬರೆಯುವುದು ಬಹಳ ಆಮೇಲೆ. 2014ರ ಐಒಎಸ್ 8ರಲ್ಲಿ ಬೇರೆಯವರು ಮಾಡಿದ ಕೀಬೋರ್ಡ್‌ಗಳಿಗೆ ಅವಕಾಶ ಸಿಕ್ಕಿತು. ಆಪಲ್‌ನದೇ ಕನ್ನಡ ಕೀಬೋರ್ಡ್ ಬಂದದ್ದು 2017ರ ಸೆಪ್ಟೆಂಬರಿನ ಐಒಎಸ್ 11ರಲ್ಲಿ, ಮಲಯಾಳಂ ಮತ್ತು ಒಡಿಯಾ ಜೊತೆಗೆ. ತೆಲುಗಿನದು ಅದಕ್ಕೂ ಮುಂಚೆ ಬಂದಿತ್ತು. ಮೊದಲ ಐಫೋನ್ ಭಾರತದಲ್ಲಿ ಮಾರಾಟವಾಗಿ ಒಂಬತ್ತು ವರ್ಷ ಕಳೆದಿತ್ತು. ಅದಾಗಿ ಐದೇ ತಿಂಗಳಲ್ಲಿ, ಅದೇ ಐಒಎಸ್ 11ರ ಒಳಗೆ, ಜ್ಞಾ ಪ್ರಕರಣ.

ಆಪಲ್ ಬೇಗ ಎಚ್ಚೆತ್ತಿತು ಎಂಬುದನ್ನು ಹೇಳಲೇಬೇಕು. ಫೆಬ್ರವರಿ 19ರಂದು ಐಒಎಸ್ 11.2.6 ಬಂತು, ಮ್ಯಾಕ್, ವಾಚ್, ಆಪಲ್ ಟಿವಿಗಳಿಗೂ ಅದೇ ದಿನ ಪರಿಹಾರ ಹೊರಟಿತು. ಅಧಿಕೃತ ವಿವರಣೆ ಒಂದೆರಡು ಸಾಲಿನದು: ಬೇಕೆಂದೇ ಹೆಣೆದ ಅಕ್ಷರಸಾಲನ್ನು ಸಂಸ್ಕರಿಸುವಾಗ ನೆನಪಿನಲ್ಲಿ ಗಲಿಬಿಲಿಯಾಗಬಹುದಿತ್ತು, ಒಳಬರುವುದನ್ನು ಪರೀಕ್ಷಿಸುವ ಕ್ರಮವನ್ನು ಉತ್ತಮಪಡಿಸಿ ಸರಿಮಾಡಲಾಗಿದೆ. ದೋಷ ಇದ್ದ ಜಾಗ ಕೋರ್‌ಟೆಕ್ಸ್ಟ್, ಅಂದರೆ ಅಕ್ಷರ ಜೋಡಿಸುವ ತಂತ್ರಾಂಶ. ಆ ವಿವರಣೆಯಲ್ಲಿ ತೆಲುಗಿನ ಮಾತೇ ಇಲ್ಲ. ಇರಬೇಕಾಗಿಯೂ ಇರಲಿಲ್ಲ, ಯಾಕೆಂದರೆ ತಪ್ಪು ತೆಲುಗಿನದಾಗಿರಲಿಲ್ಲ. ಪರಿಹಾರ ಬರುವ ತನಕ ಜನ ಕಂಡುಕೊಂಡ ಉಪಾಯ ಸರಳವಾಗಿತ್ತು. ಇನ್ನೊಬ್ಬರಿಂದ ಇನ್ನೊಂದು ಮೆಸೇಜು ಕಳಿಸಿಕೊಂಡು, ಆ ಕೊಂಡಿಯಿಂದ ಆ್ಯಪ್ ಒಳಹೊಕ್ಕು, ಕೆಟ್ಟ ಸಂಭಾಷಣೆಯನ್ನು ತೆರೆಯದೆ ಪೂರ್ತಿ ಅಳಿಸಿಬಿಡುವುದು.

ಇದೇ ಸಾಲಿನ ಅಣ್ಣತಮ್ಮಂದಿರು ಇನ್ನೂ ಇದ್ದಾರೆ. 2015ರ ಮೇ ತಿಂಗಳಲ್ಲಿ ಅರಬ್ಬಿ ಅಕ್ಷರಗಳಿದ್ದ ಒಂದು ಸಂದೇಶ ನೋಟಿಫಿಕೇಶನ್‌ನಲ್ಲಿ ಬಂದಾಗ ಐಫೋನ್‌ಗಳು ಆರಿ ಹೊತ್ತುತ್ತಿದ್ದವು. 2020ರ ಏಪ್ರಿಲ್‌ನಲ್ಲಿ ಇಟಲಿಯ ಧ್ವಜದ ಇಮೋಜಿಯ ಜೊತೆಗೆ ಸಿಂಧಿ ಅಕ್ಷರಗಳು. ಅರಬ್ಬಿ, ತೆಲುಗು, ಸಿಂಧಿ. ಮೂರೂ ಅಕ್ಷರಗಳು ಕೂಡಿಕೊಂಡು ರೂಪ ಬದಲಿಸುವ ಲಿಪಿಗಳು. ಇಂಥ ಲಿಪಿಗಳು ಕಷ್ಟ ಎಂದು ಹೇಳುವುದು ಸುಲಭ. ನನಗೆ ಕಾಣುವುದು ಬೇರೆ. ಇಂಗ್ಲಿಷ್ ಸಾಲು ಜೋಡಿಸುವ ದಾರಿಯಲ್ಲಿ ದಿನಕ್ಕೆ ಕೋಟಿಗಟ್ಟಲೆ ಜನ ಓಡಾಡಿ ಕಲ್ಲುಮುಳ್ಳು ಎಲ್ಲ ಸವೆದಿವೆ. ನಮ್ಮ ದಾರಿಯಲ್ಲಿ ಓಡಾಡಿದವರು, ಅದರಲ್ಲೂ ಆ ಕಂಪನಿಯ ಒಳಗೆ ಕೂತು ಪರೀಕ್ಷಿಸಿದವರು, ಕಡಿಮೆ. ಎಂಟು ಕೋಟಿಗೂ ಹೆಚ್ಚು ಜನರ ಮನೆಮಾತಿಗೆ 'ಬಾಂಬ್' ಎಂದು ಹೆಸರು ಬಿದ್ದದ್ದು ಅದರಿಂದ.

ಹಾಗೆಂದು ಆ ಲೆಕ್ಕ ಅಲ್ಲೇ ನಿಂತಿಲ್ಲ. 2019ರ ಕ್ಯಾಟಲೀನಾದಿಂದ ಮ್ಯಾಕ್‌ನ ಫಾಂಟ್ ಬುಕ್‌ನಲ್ಲಿ ಭಾರತೀಯ ಲಿಪಿಗಳ ಒಳ್ಳೊಳ್ಳೆಯ ಫಾಂಟುಗಳು ಉಚಿತವಾಗಿ ಸಿಗುತ್ತವೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಅಲ್ಲಿವೆ. ಮುಂಬೈನ ಏಕ್ ಟೈಪ್ ತಂಡದ ಬಾಲೂ ಕೂಡ ಇದೆ. ಅದರ ಕನ್ನಡ ರೂಪದ ಹೆಸರು ಬಾಲೂ ತಮ್ಮ, ತೆಲುಗಿನದು ಬಾಲೂ ತಮ್ಮುಡು, ತಮಿಳಿನದು ಬಾಲೂ ತಂಬಿ. ಫಾಂಟಿಗೆ ಹೆಸರಿಟ್ಟವರಿಗೆ ಈ ಲಿಪಿಗಳ ನೆಂಟಸ್ತಿಕೆ ಗೊತ್ತಿತ್ತು. ಫಾಂಟ್ ಬುಕ್ ತೆರೆದು, ಮಸುಕಾಗಿ ಕಾಣುವ ಹೆಸರಿನ ಮೇಲೆ ಒತ್ತಿದರೆ ಇಳಿಸಿಕೊಳ್ಳುವ ಗುಂಡಿ ಕಾಣುತ್ತದೆ.

ಆ ಕಾಣದ ಗುರುತು ನಿಮಗೆ ಬೇಕಾದಾಗ ಏನು ಮಾಡಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಮ್ಯಾಕ್‌ನಲ್ಲಿ ಕೀಬೋರ್ಡ್‌ಗಳ ಪಟ್ಟಿಗೆ 'ಯೂನಿಕೋಡ್ ಹೆಕ್ಸ್ ಇನ್‌ಪುಟ್' ಸೇರಿಸಿಕೊಳ್ಳಿ. ಅದಕ್ಕೆ ಬದಲಾಗಿ, ಆಪ್ಶನ್ ಕೀಲಿಯನ್ನು ಒತ್ತಿಹಿಡಿದು ಎರಡು, ಸೊನ್ನೆ, ಸೊನ್ನೆ, ಸಿ ಒತ್ತಿದರೆ ಅದು ಬಂದು ಕೂರುತ್ತದೆ, ಕಾಣುವುದಿಲ್ಲ ಅಷ್ಟೇ. 8204 ಎಂಬ ಸಂಖ್ಯೆಯನ್ನು ಹದಿನಾರರ ಎಣಿಕೆಯಲ್ಲಿ ಬರೆದರೆ ಹಾಗಾಗುತ್ತದೆ. ಐಫೋನ್‌ನಲ್ಲಿ ಇದಕ್ಕಿಂತ ಸುಲಭದ ದಾರಿ ಟೆಕ್ಸ್ಟ್ ರಿಪ್ಲೇಸ್‌ಮೆಂಟ್. ಸೆಟ್ಟಿಂಗ್ಸ್‌ನ ಜನರಲ್, ಅದರೊಳಗೆ ಕೀಬೋರ್ಡ್‌ಗೆ ಹೋಗಿ, ಸರಿಯಾಗಿ ಬರೆದ 'ಸಾಫ್ಟ್‌ವೇರ್' ಅನ್ನು ಎಲ್ಲಿಂದಲಾದರೂ ನಕಲು ಮಾಡಿ ಅಂಟಿಸಿ, ಅದಕ್ಕೊಂದು ಪುಟ್ಟ ಸಂಕೇತ ಕೊಡಿ. ನೀವು ಹೆಚ್ಚಾಗಿ ಬಳಸುವ ಹತ್ತಿಪ್ಪತ್ತು ಪದಗಳನ್ನು ಒಮ್ಮೆ ಹೀಗೆ ತುಂಬಿಸಿದರೆ ಸಾಕು, ಅದೇ ಆಪಲ್ ಖಾತೆಯ ಮ್ಯಾಕ್‌ಗೂ ಅವು ಬರುತ್ತವೆ. ಹುಡುಕುವಾಗ ಒಂದು ಎಚ್ಚರ: ಗುರುತು ಇರುವ ಪದ, ಇಲ್ಲದ ಪದ ಎರಡೂ ಯಂತ್ರದ ಮಟ್ಟಿಗೆ ಬೇರೆ ಬೇರೆ. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ.

2025ರ ಮಾರ್ಚ್ ಕೊನೆಗೆ ಬಂದ ಐಒಎಸ್ 18.4ರಲ್ಲಿ ಫೋನಿನ ಭಾಷೆಯನ್ನೇ ಕನ್ನಡಕ್ಕೆ ಬದಲಿಸಿಕೊಳ್ಳುವ ಅವಕಾಶ ಸಿಕ್ಕಿತು. ತೆಲುಗು, ತಮಿಳು, ಮಲಯಾಳಂ, ಮರಾಠಿ, ಉರ್ದು ಸೇರಿ ಹತ್ತು ಭಾಷೆಗಳಿಗೆ ಒಂದೇ ದಿನ. ಈ ಬಾರಿ ಯಾರೂ ಮುಂದೆ ಇಲ್ಲ, ಯಾರೂ ಹಿಂದೆ ಇಲ್ಲ. ನಿಜಾಮನ ನೋಟಿನ ಮೇಲಿದ್ದ ಭಾಷೆಗಳೆಲ್ಲ ಈಗ ಆಪಲ್ ಫೋನಿನ ಸೆಟ್ಟಿಂಗ್ಸ್ ಪಟ್ಟಿಯಲ್ಲಿವೆ. ಅದಕ್ಕೂ ಮುಂಚೆ, 2024ರ ಐಒಎಸ್ 18ರಲ್ಲೇ, ಲಾಕ್ ಸ್ಕ್ರೀನಿನ ಗಡಿಯಾರಕ್ಕೆ ಭಾರತೀಯ ಅಂಕಿಗಳು ಬಂದಿದ್ದವು, ಕನ್ನಡ ಮತ್ತು ತೆಲುಗು ಎರಡೂ. ಬೀಗ ಹಾಕಿದ ಪರದೆಯನ್ನು ಒತ್ತಿಹಿಡಿದು, ಕಸ್ಟಮೈಸ್‌ಗೆ ಹೋಗಿ, ಗಂಟೆಯ ಮೇಲೆ ಮುಟ್ಟಿದರೆ ಒಂದು ಗ್ಲೋಬಿನ ಚಿಹ್ನೆ ಕಾಣುತ್ತದೆ, ಅದರೊಳಗೆ ಅಂಕಿಗಳ ಪಟ್ಟಿ ಇದೆ. ಕನ್ನಡದ್ದನ್ನು ಆರಿಸಿ ಹೈದರಾಬಾದಿನ ಮೆಟ್ರೋದಲ್ಲಿ ೧೦:೨೩ ಎಂದು ತೋರಿಸಿದರೆ, ಪಕ್ಕದಲ್ಲಿ ಕೂತ ತೆಲುಗಿನವರಿಗೂ ಹೊತ್ತು ಎಷ್ಟಾಯಿತು ಎಂದು ಗೊತ್ತಾಗುತ್ತದೆ.